ಮುದ್ರೆ ಒಡೆಯದ ಮಚ್ಚು

ಒಂದು ಬೆಳಿಗ್ಗೆ, ಲೋಟದ ಚಹಾ ಆರುವುದರೊಳಗೆ, ನಾನೊಬ್ಬನೇ ನಲವತ್ತು ಮಂದಿ ರೌಡಿಗಳನ್ನು ಕೋರ್ಟಿನ ಎರಡನೇ ಮಹಡಿಯಿಂದ ಕೆಳಗೆ ಎಸೆದಿದ್ದೇನೆ. ಎಸೆದು ಸುಮ್ಮನೆ ನಿಂತವನಲ್ಲ. ಅವರು ನೆಲ ಮುಟ್ಟುವ ಮುಂಚೆಯೇ ಮೆಟ್ಟಿಲಿಳಿದು ಓಡಿ, ಕೆಳಗೆ ನಿಂತು, ಬೀಳುತ್ತಿದ್ದ ಒಬ್ಬೊಬ್ಬನಿಗೂ ಇನ್ನೊಂದೊಂದು ಬಾರಿಸಿದ್ದೇನೆ. ನಂಬದವರು ನನ್ನ ಬಲಗೈ ನೋಡಬಹುದು. ಹೆಬ್ಬೆರಳಿನ ಬುಡದಲ್ಲಿ ಅರ್ಧಚಂದ್ರದಂಥ ಗಾಯದ ಗುರುತು ಇವತ್ತಿಗೂ ಇದೆ.

ಅದು ಕತ್ತಿಯ ಗುರುತು ಎಂದು ಮೊಮ್ಮಗಳಿಗೆ ಅವಳು ತೊಟ್ಟಿಲಲ್ಲಿದ್ದಾಗಿನಿಂದ ಹೇಳಿಕೊಂಡು ಬಂದಿದ್ದೇನೆ. ಬೇರೆ ಮಕ್ಕಳು ಗುಬ್ಬಿ ಕಾಗೆಯ ಕಥೆ ಕೇಳಿ ಮಲಗಿದರೆ, ಇವಳು ನಲವತ್ತು ಜನರ ಮೂಳೆ ಮುರಿದ ಮೇಲೇ ಕಣ್ಣು ಮುಚ್ಚುತ್ತಿದ್ದಳು. ಕಥೆ ಕೇಳಿ ಕೇಳಿಯೇ ಕಾನೂನು ಕಾಲೇಜಿಗೆ ಸೇರಿದಳು. ಈಗ ಪಾಸಾಗಿ ಕರಿಕೋಟು ಹೊಲಿಸಿಕೊಂಡು ಬಂದಿದ್ದಾಳೆ.

"ಅಜ್ಜ, ಪದವಿ ಕೊಡೋಕೆ ಯಾರು ಬರ್ತಿದಾರೆ ಗೊತ್ತಾ? ನಿನ್ನ ಲಾಯರಮ್ಮ! ಸ್ವಾಗತ ಭಾಷಣ ನನ್ನದೇ. ಅವರೆದುರು ನಿನ್ನ ಕಥೆನೇ ಹೇಳ್ತೀನಿ. ಇನ್ನೊಂದ್ಸಲ ಶುರುವಿಂದ ಹೇಳು."

ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಹಾರಿಹೋಗಿ ಎದುರು ಮನೆಯ ಕಿಟಕಿಗೆ ಬಡಿಯಿತು. ಕುರ್ಚಿಯನ್ನು ಮುಂದಕ್ಕೆಳೆದು ಕೂತೆ.

ಆ ಕೋರ್ಟಿನಲ್ಲಿ ನಾನು ಜವಾನ. ಕಕ್ಷಿದಾರರ ಹೆಸರು ಕೂಗುವುದು, ಮುದ್ದೆಮಾಲು ಹೊತ್ತು ತರುವುದು, ಇವೆರಡೇ ನನ್ನ ಕೆಲಸ. ನಾನು ಕೂಗಿದರೆ ಸತ್ತ ಸಾಕ್ಷಿಗಳೂ ಗೋರಿಯಿಂದೆದ್ದು "ಬಂದೆ, ಬಂದೆ" ಎನ್ನುತ್ತಿದ್ದರು. ಮುದ್ದೆಮಾಲೆಂದರೆ ಅಪರಾಧದ ಜಾಗದಲ್ಲಿ ಪೊಲೀಸರಿಗೆ ಸಿಕ್ಕಿದ ಚಾಕು, ಕೋಲು, ರಕ್ತದ ಬಟ್ಟೆ. ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿ ಕೋಣೆಯಲ್ಲಿ ಇಟ್ಟಿರುತ್ತಾರೆ.

ಲಾಯರಮ್ಮ ಆ ಕೋರ್ಟಿಗೆ ಬಂದ ಮೊದಲ ಹೆಣ್ಣು ವಕೀಲೆ. ಕಾಲೇಜಿನ ಇಡೀ ತರಗತಿಗೆ ಒಬ್ಬಳೇ ಹುಡುಗಿಯಾಗಿ ಓದಿ, ಎಲ್ಲರಿಗಿಂತ ಮೇಲೆ ಪಾಸಾಗಿ ಬಂದವರು. ಬಂದ ದಿನವೇ ವಕೀಲರ ಕೋಣೆಯಲ್ಲಿ ಅವರ ಕುರ್ಚಿಯ ಕಾಲು ಮುರಿದಿಟ್ಟಿದ್ದರು. ಬಿದ್ದು ಗಲ್ಲ ಒಡೆಯಿತು. ರಕ್ತ ಒರೆಸಿಕೊಂಡು ಕಿಟಕಿಯ ಕಟ್ಟೆ ಹತ್ತಿ ಕೂತವರು ವರ್ಷಗಟ್ಟಲೆ ಅಲ್ಲಿಂದಿಳಿಯಲಿಲ್ಲ. ಕಾಲಿಗೆ ಕಲ್ಲು ಬಿತ್ತು, ಕೋಟಿಗೆ ಬೆಂಕಿ ಬಿತ್ತು, ಮನೆಬಾಗಿಲಿಗೆ ಕತ್ತು ಮುರಿದ ನಾಯಿಮರಿ ಬಂತು. ಅದನ್ನು ಹೂತು, ಕೈ ತೊಳೆದು, ಹೊತ್ತಿಗೆ ಸರಿಯಾಗಿ ಕೋರ್ಟಿಗೆ ಬಂದರು.

ಕಡೆಗೆ ಸರ್ಕಾರಿ ವಕೀಲೆಯಾದರು. ಅವರ ಕೈಗೆ ಬಂದ ಮೊದಲ ಕೊಲೆ ಕೇಸು ಗುಜರಿ ಅಣ್ಣನದು. ಗುಜರಿ ಅಂಗಡಿಯ ಮಾಲೀಕ. ಎದುರು ಮಾತಾಡಿದನೆಂದು ತನ್ನ ಲಾರಿ ಚಾಲಕನನ್ನೇ ಮಚ್ಚು ಬೀಸಿ ಕತ್ತಿನಿಂದ ಎದೆಯವರೆಗೆ ಸೀಳಿದ್ದ. ನೋಡಿದವರೆಲ್ಲ ಹಲ್ಲುದುರಿಸಿಕೊಂಡು ಬಾಯಿ ಹೊಲಿದುಕೊಂಡಿದ್ದರು. ಉಳಿದಿದ್ದ ಸಾಕ್ಷಿ ಆ ಮಚ್ಚೊಂದೇ.

ಅವನ ಪರ ನಿಂತ ವಕೀಲನನ್ನು ನಾವು ಗುಡುಗು ಎನ್ನುತ್ತಿದ್ದೆವು. "ರಕ್ತ ನೋಡಿದ್ರೆ ತಲೆ ತಿರುಗೋ ಜಾತಿ ಇದು. ಈ ಕೇಸು ಬಿದ್ದುಹೋಗ್ಲಿ, ಆಮೇಲೆ ಯಾವ ಹೆಂಗಸಿನ ಕೈಗೂ ಕೊಲೆ ಕೇಸು ಕೊಡಲ್ಲ" ಎಂದು ಅವನು ಅಂಗಳದಲ್ಲೇ ಗುಡುಗಿದ್ದ. ಸತ್ತವನ ತಾಯಿ ಮಡಿಲಲ್ಲಿ ಕೊಡೆ ಇಟ್ಟುಕೊಂಡು ಬಾಗಿಲ ಬೆಂಚಿನ ಮೇಲೆ ಕೂತು ಅದನ್ನು ಕೇಳಿಸಿಕೊಂಡಿದ್ದಳು.

"ಆವತ್ತು ಬೆಳಿಗ್ಗೆ, ಜಡ್ಜ್ ಸಾಹೇಬರು ಇನ್ನೂ ಪೀಠಕ್ಕೆ ಬಂದಿರಲಿಲ್ಲ" ಎಂದು ನಾನು ರಂಗೇರಿಸಿದೆ. "ಗಂಟು ತಂದು ಮೇಜಿನ ಮೇಲಿಟ್ಟೆ. ಲಾಯರಮ್ಮ, ನಾನು, ಇಬ್ಬರೇ. ಬಾಗಿಲು ಒದ್ದು ನಲವತ್ತು ಜನ ನುಗ್ಗಿದರು! ನಾನು ಹಲ್ಲಲ್ಲಿ ಗಂಟು ಹರಿದೆ, ಮಚ್ಚು ಎಳೆದೆ, ಬೀಸಿದೆ. ಒಬ್ಬನ ಕಿವಿ ಹಾರಿ ಸಾಹೇಬರ ಮಸಿಕುಡಿಕೆಗೆ ಬಿತ್ತು. ಇನ್ನೊಬ್ಬನ ಮೊಣಕಾಲು ತಿರುಗಿ ಅವನು ಹಿಂದಕ್ಕೆ ನಡೆಯೋ ಹಾಗಾಯ್ತು, ಇವತ್ತಿಗೂ ಹಾಗೇ ಓಡಾಡ್ತಾನೆ. ಲಾಯರಮ್ಮ ನನ್ನ ಬೆನ್ನ ಹಿಂದೆ ನಡುಗ್ತಾ ನಿಂತಿದ್ರು. ಉಳಿದವರನ್ನ ಎರಡನೇ ಮಹಡಿ ಕಿಟಕಿಯಿಂದ ಒಬ್ಬೊಬ್ಬನಾಗಿ..."

"ಅಜ್ಜ, ಆ ಕೋರ್ಟಿಗೆ ಮಹಡಿನೇ ಇಲ್ಲ. ಮೊನ್ನೆ ಹೋಗಿ ನೋಡ್ಕೊಂಡು ಬಂದೆ."

"ಆಗ ಇತ್ತು ಕಣೇ. ನನ್ನ ಹೊಡೆತಕ್ಕೆ ಉದುರಿಹೋಯ್ತು."

ಅಡುಗೆಮನೆಯಿಂದ ಸೊಸೆ ನಕ್ಕಿದ್ದು ಕೇಳಿಸಿತು. ಮೊಮ್ಮಗಳು ನಗಲಿಲ್ಲ. ಕರಿಕೋಟಿನ ತೋಳು ಸರಿಮಾಡಿಕೊಂಡು, ಥೇಟ್ ಕಟಕಟೆಯ ಮುಂದೆ ನಿಂತವಳಂತೆ ನನ್ನ ಎದುರು ನಿಂತಳು.

"ಮಚ್ಚನ್ನ ಗಂಟಿಂದ ಹೊರಗೆ ತೆಗೆದೆ, ಅಲ್ವಾ?"

"ತೆಗೆಯದೆ ಮತ್ತೆ? ಬಟ್ಟೆ ಸಮೇತ ಬೀಸ್ತಾರಾ?"

"ಅರಗಿನ ಮುದ್ರೆ?"

"ಪುಡಿಪುಡಿ!"

"ಸರಿ. ಆ ಮುದ್ರೆನ ಸಾಹೇಬರ ಕಣ್ಣೆದುರೇ ಒಡೀಬೇಕು. ಮುಂಚೆನೇ ಒಡೆದಿದ್ರೆ 'ಇದು ಆ ಮಚ್ಚೇ ಅಲ್ಲ, ಪೊಲೀಸರು ಬದಲಾಯಿಸಿದಾರೆ' ಅಂತ ಗುಡುಗು ಗುಡುಗ್ತಿದ್ದ. ಬೇರೆ ಸಾಕ್ಷಿ ಇಲ್ಲ ಅಂತ ನೀನೇ ಹೇಳ್ದೆ. ಗುಜರಿ ಅಣ್ಣ ಆವತ್ತು ಸಂಜೆನೇ ಮನೇಲಿ ಇರ್ತಿದ್ದ. ಆದ್ರೆ ಅವನು ಶಿಕ್ಷೆಯಾಗಿ ಜೈಲಲ್ಲೇ ಸತ್ತ. ಅದು ಹೇಗೆ?"

ಬಾಯಿ ತೆರೆದೆ. ಅಷ್ಟು ವರ್ಷ ಕೋರ್ಟಿನಲ್ಲಿ ನೂರಾರು ಸಾಕ್ಷಿಗಳು ಹೀಗೆ ಬಾಯಿ ತೆರೆದು ನಿಂತದ್ದನ್ನು ನೋಡಿ ಒಳಗೊಳಗೇ ನಕ್ಕವನು ನಾನು.

"ಕೈ ಕೊಡು."

"ಯಾಕೆ?"

"ಕೊಡು ಅಜ್ಜ."

ದೀಪದ ಕೆಳಗೆ ಹಿಡಿದು ಬೆರಳಿನಿಂದ ಸವರಿದಳು. "ಕತ್ತಿ ತಾಗಿದ್ರೆ ಒಂದೇ ಗೆರೆ ಇರುತ್ತೆ. ಇದು ಚುಕ್ಕಿ ಚುಕ್ಕಿ. ಅಂಗೈ ಕಡೆನೂ ಇದೆ, ಹಿಂಬದೀಲೂ ಇದೆ." ಮುಖವೆತ್ತಿದಳು. "ಇದು ಹಲ್ಲು. ಯಾರದು?"

ಅವಳ ಪಾಟೀಸವಾಲು ಅಲ್ಲಿಗೆ ಮುಗಿಯಿತು. ಸೊಸೆ ಸೌಟು ಹಿಡಿದೇ ಬಾಗಿಲಿಗೆ ಬಂದಳು.

"ಲಾಯರಮ್ಮಂದು" ಎಂದೆ.

ಗುಜರಿ ಅಣ್ಣನ ಕಡೆಯಿಂದ ಬಂದವರು ಮೂವರು, ನಲವತ್ತಲ್ಲ. ಯಾರ ಕೈಯಲ್ಲೂ ಆಯುಧವಿರಲಿಲ್ಲ. ಒಳಗೆ ಬಂದವರೇ ಕುರ್ಚಿಯೊಂದನ್ನು ನೆಲಕ್ಕಪ್ಪಳಿಸಿ ಅದರ ಕಾಲುಗಳನ್ನು ಕಿತ್ತುಕೊಂಡರು. ಮೊದಲನೇ ಏಟು ನನ್ನ ಭುಜಕ್ಕೆ ಬಿತ್ತು. ಎರಡನೆಯದು ಲಾಯರಮ್ಮನ ಬೆನ್ನಿಗೆ. ಅವರು ಮೇಜಿನ ಮೇಲೆ ಮುಗ್ಗರಿಸಿದರು. ಗಂಟು ಅಲ್ಲೇ, ನನ್ನ ಗೇಣುದೂರದಲ್ಲಿತ್ತು. ಒಳಗೆ ಮಚ್ಚಿದೆ ಎಂಬುದೊಂದೇ ನನ್ನ ತಲೆಯಲ್ಲಿ ಓಡಿದ್ದು. ಕೈ ಹಾಕಿ ದಾರ ಕೀಳಲು ಹೋದೆ.

ಲಾಯರಮ್ಮ ಗಂಟಿನ ಮೇಲೆ ಅಡ್ಡ ಬಿದ್ದರು. "ಮುಟ್ಟಬೇಡ" ಎಂದರು. ನಾನು ಕೇಳಲಿಲ್ಲ, ಅವರ ಹೊಟ್ಟೆಯ ಕೆಳಗೆ ಕೈ ತೂರಿಸಿದೆ. ಆಗ ಅವರು ಕಚ್ಚಿದರು. ಹಲ್ಲು ಮೂಳೆಗೆ ತಾಗುವವರೆಗೆ ಕಚ್ಚಿ, ನಾನು ಬಿಡುವವರೆಗೂ ಬಿಡಲಿಲ್ಲ. ಅವರ ಬಾಯಿತುಂಬ ನನ್ನ ರಕ್ತ.

"ಆ ರೌಡಿಗಳು ಬಂದಿದ್ದೇ ಅದಕ್ಕೆ" ಎಂದು ಮೊಮ್ಮಗಳು ಮೆಲ್ಲಗೆ ಅಂದಳು. "ಬರಿಗೈಲಿ ಬಂದಿದ್ದು. ನಿಮ್ಮಲ್ಲೇ ಯಾರಾದ್ರೂ ಮಚ್ಚು ಎಳೆದು ಮುದ್ರೆ ಒಡೀಲಿ ಅಂತ."

"ಹೂಂ. ಲಾಯರಮ್ಮಂಗೆ ಅದು ಏಟು ಬೀಳ್ತಿದ್ದಾಗಲೇ ಹೊಳೆದಿತ್ತು. ನನಗೆ ಒಂದು ವಾರ ಬೇಕಾಯ್ತು."

"ಆಮೇಲೆ ನೀನೇನು ಮಾಡ್ದೆ?"

ಇಲ್ಲಿ ಇನ್ನೊಂದು ಸುಳ್ಳಿಗೆ ಜಾಗವಿತ್ತು. ಅವರ ಮೇಲೆ ನಾನೂ ಅಡ್ಡ ಬಿದ್ದೆ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂತು. ನನ್ನ ಕೈ ಇನ್ನೂ ಅವಳ ಕೈಯೊಳಗೇ ಇತ್ತು.

"ಮೇಜಿನ ಕೆಳಗೆ ನುಸುಳಿದೆ" ಎಂದೆ.

ಅಲ್ಲಿಂದ ಕಂಡದ್ದು ಲಾಯರಮ್ಮನ ಪಾದಗಳು ಮಾತ್ರ. ಪ್ರತಿ ಏಟಿಗೂ ಹಿಮ್ಮಡಿ ನೆಲದಿಂದ ಮೇಲೇಳುತ್ತಿತ್ತು. ಒಬ್ಬ ಅವರ ಜುಟ್ಟು ಹಿಡಿದು ಎಳೆದ. ಕಪ್ಪು ಕೂದಲಿನ ಒಂದು ಕಂತೆ, ಬುಡದ ಚರ್ಮದ ಸಮೇತ, ನನ್ನ ಮುಂದೆ ಬಿತ್ತು. ಅವರು ಕೂಗಲಿಲ್ಲ. ಕೂಗಿದ್ದು ಸತ್ತವನ ತಾಯಿ. ಹೊರಗಿನಿಂದ ಕೊಡೆಯ ಹಿಡಿಯಲ್ಲಿ ಕಿಟಕಿಯ ಗಾಜು ಚಚ್ಚಿ ಚಚ್ಚಿ ಒಡೆದು, ಕೈಯೆಲ್ಲ ಕೊಯ್ದುಕೊಂಡು, ಬೀದಿಗೆಲ್ಲ ಕೇಳಿಸುವಂತೆ ಅರಚಿದಳು. ಆ ಅರಚಾಟಕ್ಕೆ ಪೊಲೀಸರು ಓಡಿಬಂದರು.

ಆಸ್ಪತ್ರೆಗೆ ಹೋಗೋಣವೆಂದರೆ ಲಾಯರಮ್ಮ ಒಪ್ಪಲಿಲ್ಲ. ಎಡಗೈ ಮೊಣಕೈಯಿಂದ ಕೆಳಗೆ ತಪ್ಪು ದಿಕ್ಕಿಗೆ ತೂಗುತ್ತಿತ್ತು. ಸಾಹೇಬರು ಬಂದು ಕೂತರು. ಲಾಯರಮ್ಮ ಬಲಗೈಯಲ್ಲಿ ಗಂಟನ್ನೆತ್ತಿ ಹಿಡಿದು, "ಮುದ್ರೆ ನೋಡಿ, ಸ್ವಾಮಿ" ಎಂದರು. ಅರಗಿನ ಮೇಲೆ ಒಂದು ಬಿರುಕೂ ಇರಲಿಲ್ಲ. ಆಕ್ಷೇಪಿಸಲು ಎದ್ದಿದ್ದ ಗುಡುಗು ಕೂತುಬಿಟ್ಟ.

ಮೊಮ್ಮಗಳು ನನ್ನ ಕೈ ಬಿಟ್ಟಳು. ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು.

"ಅವರನ್ನ ಯಾಕೆ ನಿನ್ನ ಬೆನ್ನ ಹಿಂದೆ ನಡುಗೋ ಹಾಗೆ ನಿಲ್ಲಿಸಿದೆ, ಅಜ್ಜ? ಇಷ್ಟು ವರ್ಷ?"

"ಮೇಜಿನ ಕೆಳಗೆ ಸದ್ದು ಚೆನ್ನಾಗಿ ಕೇಳಿಸುತ್ತೆ ಮಗಳೇ" ಎಂದೆ. "ಅವರ ಕೈ ಮುರಿದದ್ದು ನನ್ನ ತಲೆಯ ಮೇಲಿನ ಹಲಗೆಯ ಮೇಲೇ. ಒಣಕಟ್ಟಿಗೆ ಮುರಿದ ಹಾಗೆ ಒಂದು ಸಲ, ಆಮೇಲೆ ಹಸಿಕಟ್ಟಿಗೆ ಮುರಿದ ಹಾಗೆ ಇನ್ನೊಂದು ಸಲ. ಅದು ಕೇಳಿಸಬಾರದು ಅಂತ ನಲವತ್ತು ಜನರ ಮೂಳೆ ಮುರೀತಾ ಬಂದೆ. ಭಾಷಣದಲ್ಲಿ ನನ್ನ ಕೈಬಿಡು. ಸದ್ದಿನ ವಿಷಯ ಮಾತ್ರ ಬೇಕಿದ್ರೆ ಹೇಳು. ಅದರಲ್ಲಿ ನಾನು ಒಂದಿಷ್ಟೂ ಸೇರಿಸಿಲ್ಲ."