ಅನು ಗೊಟಗೋಡಿಗೆ ಹೋದ ದಿನ

ಎರಡು ವರ್ಷದಿಂದ ಸಲೋಮಿ ಮಧ್ಯಾಹ್ನ ಬಿಸಿ ಊಟ ಮಾಡಿದ್ದೇ ಇಲ್ಲ. ಹನ್ನೆರಡೂ ಮುಕ್ಕಾಲಾಯಿತೆಂದರೆ ಹೊಲಿಯುತ್ತಿದ್ದ ಜಂಪರನ್ನು ಅರ್ಧಕ್ಕೇ ಬಿಟ್ಟು, ಇನ್ಸುಲಿನ್ ಪೆನ್ನನ್ನು ಒದ್ದೆ ಅರಿವೆಯಲ್ಲಿ ಸುತ್ತಿಕೊಂಡು, ಹಾನಗಲ್ಲಿನ ಬಿಸಿಲಲ್ಲಿ ಶಾಲೆಯ ಕಡೆಗೆ ದಾಪುಗಾಲು ಹಾಕುತ್ತಿದ್ದಳು. ಅಲ್ಲಿ ಆರನೇ ತರಗತಿಯ ಅನುಗ್ರಹಾ, ಮನೆಯವರ ಬಾಯಲ್ಲಿ ಅನು, ವರಾಂಡದ ಕಂಬಕ್ಕೆ ಆತು ನಿಂತಿರುತ್ತಿದ್ದಳು. ಬೆರಳು ಚುಚ್ಚಿ ಸಕ್ಕರೆ ನೋಡುವುದು, ಹೊಟ್ಟೆಗೆ ಸೂಜಿ ಕೊಡುವುದು, ಡಬ್ಬಿ ಬಿಚ್ಚಿ ಕೊನೆಯ ತುತ್ತಿನವರೆಗೆ ಎದುರಿಗೆ ಕುಳಿತು ಉಣ್ಣಿಸುವುದು. ಉಳಿದ ಹುಡುಗಿಯರು ಆಡಲು ಓಡುತ್ತಿದ್ದರು. ಅನು ಅವರನ್ನು ನೋಡುತ್ತ ಬೇಗ ಬೇಗ ಅಗಿಯುತ್ತಿದ್ದಳು.

ಒಂಬತ್ತು ತುಂಬಿದ ವರ್ಷ ಆ ಹುಡುಗಿ ನೀರು ನೀರು ಎಂದು ತಂಬಿಗೆಗಟ್ಟಲೆ ಕುಡಿದು, ದಿನದಿಂದ ದಿನಕ್ಕೆ ಸೊರಗಿ, ಒಂದು ಮುಂಜಾನೆ ಎಬ್ಬಿಸಿದರೂ ಏಳಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆರು ದಿನ ಇಟ್ಟುಕೊಂಡರು. ಇದು ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ, ಗುಳಿಗೆಗೆ ಬಗ್ಗುವುದಿಲ್ಲ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಬೇಕು, ಹೆಚ್ಚಾದರೂ ಕಷ್ಟ, ಇಳಿದರೂ ಕಷ್ಟ ಎಂದು ಡಾಕ್ಟರು ತಿಳಿಸಿ ಹೇಳಿದರು. ಮಗಳೇ ಕಲಿತುಕೊಳ್ಳಲಿ ಎಂದೂ ಹೇಳಿದ್ದರು. ಅನು ಕಲಿತಿದ್ದಳು. ಆದರೆ ಸಲೋಮಿ ಪೆನ್ನನ್ನು ಅವಳ ಕೈಗೆ ಬಿಟ್ಟಿರಲಿಲ್ಲ.

ಸಲೋಮಿ ಪ್ರಾರ್ಥನೆ ತಪ್ಪಿಸುವ ಹೆಂಗಸಲ್ಲ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಗಂಡ, ಮಗಳು, ತಾನು ಮೂವರೂ ಚಾಪೆಯ ಮೇಲೆ ಮೊಣಕಾಲೂರಿದಾಗ, “ಕರ್ತನೇ, ಈ ಮಗುವನ್ನು ನಿನ್ನ ಕೈಗೆ ಒಪ್ಪಿಸಿದ್ದೇವೆ” ಎನ್ನದೆ ಆಮೆನ್ ಹೇಳುತ್ತಿರಲಿಲ್ಲ. ಹೇಳಿ ಎದ್ದವಳೇ ಮಗಳ ಹಣೆ ಮುಟ್ಟಿ ನೋಡುತ್ತಿದ್ದಳು.

ಒಂದು ಸೋಮವಾರ ಸಂಜೆ ಅನುವಿನ ಕ್ಲಾಸ್ ಟೀಚರು ಫರ್ಹತ ಮನೆಗೆ ಬಂದರು. ಚಹಾ ಕೈಗೆ ಬಂದ ಮೇಲೆ ಮೆಲ್ಲಗೆ ಮಾತು ತೆಗೆದರು.

“ಶನಿವಾರ ಮಕ್ಕಳನ್ನ ಶಿಗ್ಗಾವಿ ಕಡಿ ಗೊಟಗೋಡಿ ರಾಕ್ ಗಾರ್ಡನ್‌ಗೆ, ಸಿಮೆಂಟಿನ ಗೊಂಬಿ ನೋಡಾಕ ಕರ್ಕೊಂಡ್ ಹೊಂಟೇವ್ರಿ ಅಕ್ಕಾರ. ಎಲ್ಲಾರ ಒಪ್ಪಿಗಿ ಚೀಟಿ ಬಂದಾವು. ಅನುಂದೊಂದ ಬಂದಿಲ್ಲ.”

“ಆಕಿ ಬರಂಗಿಲ್ರಿ ಟೀಚರ್.”

“ಆಕಿಗೆ ಭಾಳ ಆಸೆ ಐತ್ರಿ.”

“ಆಸೆ ಇರತೈತ್ರಿ. ಬಿಸಲಾಗ ಅಡ್ಡಾಡಿ ಸಕ್ಕರಿ ಇಳದು ಬಿದ್ದಗಿದ್ದಾಳು. ಅಲ್ಲಿ ಯಾರು ನೋಡವ್ರು?”

“ನಾ ನೋಡ್ತೇನ್ರಿ. ನಮ್ಮ ಅಮ್ಮೀಗೂ ಹದಿನೈದು ವರ್ಷದಿಂದ ಇನ್ಸುಲಿನ್ ಐತಿ, ನಾನ ಕೊಡ್ತೇನಿ. ಸಕ್ಕರಿ ಇಳದ್ರ ಹೆಂಗಾಗತೈತಿ ಅಂತ ನನಗ ಗೊತ್ತೈತ್ರಿ.”

ಸಲೋಮಿ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಟೀಚರು ಚೀಟಿಯನ್ನು ಹೊಲಿಗೆ ಮೆಷಿನ್ನಿನ ಮೇಲಿಟ್ಟು ಹೋದರು.

ಆ ಸಂಜೆಯೂ ಪ್ರಾರ್ಥನೆಯಾಯಿತು. ಮಗುವನ್ನು ಒಪ್ಪಿಸಿದ್ದೂ ಆಯಿತು. ಚಾಪೆ ಸುತ್ತುತ್ತಿದ್ದ ಅನು ಸಿಟ್ಟಿಲ್ಲದೆ, ನಿಜಕ್ಕೂ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು:

“ಅವ್ವಾ, ದಿನಾ ನನ್ನ ದೇವರ ಕೈಯಾಗ ಕೊಡ್ತಿ. ಮತ್ತ ಲಗೂನ ಯಾಕ ವಾಪಸ್ ಇಸ್ಕೋತಿ?”

ಮಗಳ ಹಣೆಯತ್ತ ಚಾಚಿದ್ದ ಕೈಯನ್ನು ಸಲೋಮಿ ಹಿಂದಕ್ಕೆ ತೆಗೆದುಕೊಂಡಳು. ಗಂಡ ದೇವಪುತ್ರ ಗೋಡೆಯ ಕಡೆ ಮುಖ ಮಾಡಿ ಕೆಮ್ಮಿದ.

ಅವನು ಕರೆಂಟಿನ ಲೈನ್‌ಮನ್. ಮರುದಿನ ಮುಂಜಾನೆ ತಿಳವಳ್ಳಿ ಕಡೆಯ ಲೈನು ನೋಡಲು ಹೊರಟವನು ಬೂಟಿನ ಲೇಸು ಕಟ್ಟುತ್ತ ಹೊಸ್ತಿಲ ಮೇಲೆ ಕುಳಿತ. “ನಿನಗೊಂದು ಮಾತು ಕೇಳ್ಲೇನು?” ಎಂದ. “ಕಂಬಾ ಹತ್ತೂಕಿಂತ ಮೊದ್ಲ ಸಬ್‌ಸ್ಟೇಷನ್ನಿಗೆ ಫೋನ್ ಮಾಡ್ತೇನಿ. ಅಲ್ಲಿಯ ರಾಜೇಸಾಬ ‘ಲೈನ್ ಬಂದ್ ಮಾಡೇನಿ, ಹತ್ತು’ ಅಂತಾನ. ಅಂವಾ ಬಂದ್ ಮಾಡಿದ್ದನ್ನ ನಾ ಕಣ್ಣಿಲೆ ಕಂಡೇನೇನು?”

“ನೀವು ಟೆಸ್ಟರ್ ಹಚ್ಚಿ ನೋಡ್ತೀರಲ್ರಿ.”

“ನೋಡ್ತೇನಿ. ಬೆಲ್ಟೂ ಕಟ್ಕೋತೇನಿ. ಅದು ನನ್ನ ಕೆಲಸ, ಬಿಡಂಗಿಲ್ಲ. ಆದ್ರ ಅಷ್ಟೆಲ್ಲಾ ಮಾಡಿ ಕೆಳಗ ನಿಂತ್ರ ಕೆಲಸ ಆಗಂಗಿಲ್ಲಲ್ಲ, ಹತ್ತಬೇಕಾಗತೈತಿ. ಒಬ್ಬ ಮನಷ್ಯಾನ ಮಾತಿನ ಮ್ಯಾಲ ನಾವು ಇಷ್ಟು ನಂಬಿಕಿ ಇಟ್ರ, ದೇವರ ಮ್ಯಾಲ…” ಮಾತು ಅಲ್ಲಿಗೇ ಬಿಟ್ಟು ಬೈಕು ಚಾಲೂ ಮಾಡಿಕೊಂಡು ಹೋದ.

ಅವತ್ತು ಮಧ್ಯಾಹ್ನ ಸಲೋಮಿ ಚೀಟಿಗೆ ಸಹಿ ಮಾಡಿದಳು.

ಮಾಡಿದ ಮೇಲೆ ಸುಮ್ಮನೆ ಕೂರಲಿಲ್ಲ. ಮೂರು ದಿನ ಪೆನ್ನನ್ನು ಅನುವಿನ ಕೈಗೇ ಕೊಟ್ಟು, ತಾನು ಕೈ ಹಿಂದೆ ಕಟ್ಟಿ ನಿಂತಳು. ಸಕ್ಕರೆ ಎಷ್ಟಿದ್ದರೆ ಎಷ್ಟು ಮದ್ದು, ಇಳಿದರೆ ಏನು ಮಾಡಬೇಕು ಎಂಬುದನ್ನೆಲ್ಲ ದುಂಡಕ್ಷರದಲ್ಲಿ ಬರೆದು ಟೀಚರಿಗೆ ಮುಟ್ಟಿಸಿದಳು. ಚೀಲದಲ್ಲಿ ಗ್ಲೂಕೋಸ್ ಪುಡಿ ಎರಡು ಪೊಟ್ಟಣ ಇಟ್ಟಳು. ಅನು ಆಚೆ ಹೋದಾಗ ಮೂರನೆಯದನ್ನೂ ತುರುಕಿದಳು.

ಶನಿವಾರ ಏಳೂವರೆಗೆ ಬಸ್ಸು ಹೊರಟಿತು. ಅನು ಗೆಳತಿ ಮದಿಹಾಳ ಪಕ್ಕದ ಕಿಟಕಿ ಸೀಟು ಹಿಡಿದಿದ್ದಳು.

“ಒಂದು ಗಂಟೆಗೆ ಸೂಜಿ ತಗೊಂಡು, ಉಂಡು, ಟೀಚರ್ ಫೋನಿಂದ ನಾನ ಮಾಡ್ತೇನವ್ವಾ. ನೀ ಮಾಡಬ್ಯಾಡ. ಎಲ್ಲಾರೂ ನಗ್ತಾರ.”

“ಇಲ್ಲವಾ, ಮಾಡಂಗಿಲ್ಲ.”

ಸಲೋಮಿ ಮನೆಗೆ ಬಂದು ಮೆಷಿನ್ನಿಗೆ ಕುಳಿತಳು. ಓಣಿಯ ಪರಮೇಶ್ವರಪ್ಪನವರ ಮಗಳು ರಂಜನಾಗೆ ಮರುದಿನ ನಿಶ್ಚಯ. ಸಂಜೆಯೊಳಗೆ ಹಸಿರು ರೇಷ್ಮೆಯ ಜಂಪರು ಕೊಡಬೇಕಿತ್ತು. ಹನ್ನೊಂದೂವರೆಯ ಹೊತ್ತಿಗೆ ನೋಡುತ್ತಾಳೆ, ಎಡದ ತೋಳನ್ನು ಬಲಕ್ಕೆ ಹಚ್ಚಿಬಿಟ್ಟಿದ್ದಾಳೆ. ಇಪ್ಪತ್ತು ವರ್ಷದಲ್ಲಿ ಎಂದೂ ಹೀಗಾಗಿರಲಿಲ್ಲ. ಬಿಚ್ಚದೆ ಹಾಗೇ ಇಟ್ಟಳು. ಬಾಗಿಲಿಗೆ ಕೀಲಿ ಹಾಕಿ ಹೊರಗೆ ಬಿದ್ದಳು. ಶಾಲೆಯ ದಾರಿ ದಾಟಿದವು ಕಾಲು, ಬಸ್ ಸ್ಟ್ಯಾಂಡಿಗೆ ಬಂದವು, ಶಿಗ್ಗಾವಿ ಬಸ್ಸು ಹತ್ತಿದವು.

ಪಕ್ಕದ ಸೀಟಿನಲ್ಲಿ ಅವಳ ಓಣಿಯ ಮುದುಕಿ ಬಾನುಬಿ, ಬಂಕಾಪುರದ ಮಗಳ ಮನೆಗೆ ಹೊರಟವಳು, ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

“ಎಲ್ಲಿಗೆ ಹೊಂಟಿಯವಾ ಸಲೋಮಿ?”

“ಗೊಟಗೋಡಿಗೆ, ಬಾನುಬಿ. ಅನು ಅಲ್ಲಿಗೆ ಹೋಗ್ಯಾಳ.”

“ಹಾಯ್ ಅಲ್ಲಾ! ಏನಾತು ಹುಡುಗಿಗೆ?”

“ಏನೂ ಆಗಿಲ್ಲ.”

“ಏನೂ ಆಗಿಲ್ಲಂದ್ರ ನೀ ಯಾಕ ಹೊಂಟಿ ಮತ್ತ?”

ಸಲೋಮಿ ಕಿಟಕಿಯ ಕಡೆ ತಿರುಗಿದಳು. ತಾನು ಅಲ್ಲಿ ಇಳಿದದ್ದನ್ನು ಕಂಡರೆ ಮಗಳ ಮುಖ ಹೇಗಾದೀತು ಎಂಬುದು ಮಾತ್ರ ಕಣ್ಣಿಗೆ ಕಟ್ಟಿತು. ಸೆರಗಿನ ಅಡಿಯಲ್ಲಿ ಕೈ ಮಡಚಿಕೊಂಡಳು. ಚಿಕ್ಕಂದಿನಿಂದ ಅವಳ ಪ್ರಾರ್ಥನೆ ಚರ್ಚಿನಲ್ಲಿ ಕೇಳಿದ ಪುಸ್ತಕದ ಮಾತಿನಲ್ಲೇ ಇರುತ್ತಿತ್ತು. ಅವತ್ತು ಅದು ಬರಲಿಲ್ಲ. ತವರಿನ ಅಡಿಗೆಮನೆಯಲ್ಲಿ ಅಪ್ಪನೊಡನೆ ಆಡುತ್ತಿದ್ದ ಮಾತು ಬಂತು.

“ಅಪ್ಪಾ, ನನಗ ಆಗವಲ್ಲದು. ನಾ ಇಲ್ಲದಲ್ಲಿ ನೀ ಇರ್ತಿ ಅಂತ ಬಾಯಿ ಅಂತೈತಿ, ಕಾಲು ಕೇಳವಲ್ಲವು. ಆಕಿ ಮೊದ್ಲ ನಿನ್ನ ಮಗಳು. ನೀನ ನೋಡ್ಕೋ. ನನ್ನನ್ನೂ ಒಂಚೂರು ಹಿಡಕೋ, ಇಲ್ಲಾಂದ್ರ ಹೋಗೇಬಿಡ್ತೇನಿ.”

ಕಂಡಕ್ಟರ್ ಸೀಟಿ ಊದುವ ಮೊದಲು ಅವಳು ಎದ್ದು ಇಳಿದಳು. “ಇದೇನವಾ ಇದು, ಹತ್ತೂದು ಇಳಿಯೂದು!” ಎಂದು ಬಾನುಬಿ ಖಾಲಿಯಾದ ಸೀಟಿನ ಮೇಲೆ ಕೈಚೀಲ ಇಟ್ಟುಕೊಂಡು ಹಾಯಾಗಿ ಕಾಲು ಚಾಚಿದಳು.

ಮನೆಗೆ ಹಿಂತಿರುಗಿದಳು. ಒಂದು ಗಂಟೆಯಾಯಿತು. ಫೋನು ಬರಲಿಲ್ಲ. ಒಂದೂ ಕಾಲು. ಒಂದೂವರೆ. ಸಲೋಮಿ ಫರ್ಹತ ಟೀಚರ ನಂಬರು ತೆಗೆದು ನೋಡುವುದು, ಮುಚ್ಚುವುದು. ಕೊಟ್ಟ ಮಾತು ಕೊಟ್ಟದ್ದೇ ಎಂದು ಕೊನೆಗೆ ಫೋನನ್ನು ಮೆಷಿನ್ನಿನ ಪಕ್ಕ ಬೋರಲು ಇಟ್ಟು, ತಪ್ಪಾಗಿ ಹಚ್ಚಿದ ತೋಳು ಬಿಚ್ಚಲು ಕುಳಿತಳು. ರೇಷ್ಮೆ ಬಟ್ಟೆ, ಜೋರು ಮಾಡಿದರೆ ಪಿಸಿಯುತ್ತದೆ. ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಎತ್ತಿ ಕತ್ತರಿಸಬೇಕು. ಎತ್ತಿದಳು, ಕತ್ತರಿಸಿದಳು. ಎದೆಯ ಬಡಿತ ಇನ್ನೂ ಜೋರಾಗಿಯೇ ಇತ್ತು. ಆದರೆ ಅದರ ಕೆಳಗೆ, ಬಾವಿಯ ತಳದ ನೀರಿನಂತೆ, ಏನೋ ಒಂದು ತಣ್ಣಗೆ ನಿಂತಿರುವುದು ಅವಳಿಗೆ ಗೊತ್ತಾಗತೊಡಗಿತು. ಹೆದರಿಕೆ ಹೋಗಿರಲಿಲ್ಲ, ಹೆದರಿಕೆಯ ಜೊತೆಗೇ ಕೆಲಸ ಸಾಗುತ್ತಿತ್ತು. ತೋಳು ಸರಿಯಾದ ಕಡೆಗೆ ಕೂತಾಗ ಎರಡು ಗಂಟೆ ದಾಟಿತ್ತು. ಆಗ ಫೋನು ಹೊಡೆದುಕೊಂಡಿತು.

“ಅವ್ವಾ! ಮರತೇ ಬಿಟ್ಟಿದ್ದೆ ನೋಡು!” ಅನುವಿನ ದನಿಯ ಹಿಂದೆ ಹುಡುಗಿಯರ ಗದ್ದಲ. “ಇಲ್ಲಿ ಸಿಮೆಂಟಿನ ಅಜ್ಜಿ ಒಬ್ಬಾಕಿ ರೊಟ್ಟಿ ಬಡ್ಯಾಕತ್ತಾಳ, ಥೇಟ್ ಜೀವಂತ! ಮದಿಹಾ ಆಕಿಗೆ ನೀರು ಕೊಡ್ರಿ ಅಂತ ಕೇಳಿಬಿಟ್ಲು!”

“ಸೂಜಿ ತಗೊಂಡಿ?”

“ತಗೊಂಡೆ, ಉಂಡೆ. ಅದಕ್ಕಿಂತ ಮೊದ್ಲ ಒಂಚೂರು ಇಳದಿತ್ತು. ಹನ್ನೆರಡಕ್ಕ ಕೈ ನಡಗಿದ್ವು. ನಾನ ಟೀಚರ್‌ಗೆ ಹೇಳ್ದೆ. ಸಕ್ಕರಿ ನೋಡಿದ್ರ ಐವತ್ತೆಂಟು ಬಂತು. ನೆರಳಾಗ ಕುಂದರಿಸಿ ಗ್ಲೂಕೋಸ್ ಕುಡಿಸಿದ್ರು. ಹದಿನೈದು ಮಿನಿಟಿಗೆ ತೊಂಬತ್ತಾರು! ಊಟದ ಸೂಜಿ ಎರಡು ಪಾಯಿಂಟ್ ಕಡಿಮಿ ತಗೊಂಡೆ, ಡಾಕ್ಟರ್ ಹೇಳಿದ್ರಲ್ಲ, ಹಂಗ.”

ಹನ್ನೆರಡು ಗಂಟೆ. ತಾನು ಬಸ್ಸಿನಲ್ಲಿ ಕುಳಿತಿದ್ದ ಹೊತ್ತು. ಹೋಗಿದ್ದರೂ ಆ ಹೊತ್ತಿಗೆ ಮುಟ್ಟುತ್ತಿರಲಿಲ್ಲ. ಎರಡು ವರ್ಷ ಯಾವುದಕ್ಕೆ ಹೆದರಿದ್ದಳೋ ಅದು ಆಗಿಯೇ ಹೋಗಿತ್ತು, ಅವಳಿಲ್ಲದೆ. ಅದನ್ನು ದಾಟಿದ ಮಗಳು ಆಟದಲ್ಲಿ ಅವ್ವನನ್ನೇ ಮರೆತಿದ್ದಳು.

“ಅವ್ವಾ, ಅಳಾಕತ್ತಿಯೇನು?”

“ಇಲ್ಲಬೇ, ನಗಾಕತ್ತೇನಿ. ಹೋಗು, ಆಡ ಹೋಗು.” ಅಳು, ನಗು ಎರಡೂ ನಿಜವಾಗಿದ್ದವು.

ಟೀಚರು ಫೋನು ತೆಗೆದುಕೊಂಡು, “ಶ್ಯಾಣ್ಯಾ ಹುಡುಗಿ ಅದಾಳ್ರಿ ಅಕ್ಕಾರ. ನಾನ ಗಾಬರಿ ಆಗಿದ್ದೆ, ಆಕೀನ ನನಗ ಸಮಾಧಾನ ಹೇಳಿದ್ಲು” ಎಂದರು.

ಸಂಜೆ ಆರಕ್ಕೆ ಬಸ್ಸು ಬಂತು. ಕೆಂಧೂಳು ಮೆತ್ತಿದ ಬೂಟಿನಲ್ಲಿ ಅನು ಇಳಿದಳು. ಉಣ್ಣುವಾಗ ಸಿಮೆಂಟಿನ ಎತ್ತು, ಬಂಡಿ, ಕುಸ್ತಿ ಹಿಡಿದವರ ಸುದ್ದಿಯೆಲ್ಲ ಅಪ್ಪನಿಗೆ ಒಂದೂ ಬಿಡದೆ ಹೇಳಿದಳು. ಮೂರು ಪೊಟ್ಟಣ ಇದ್ದದ್ದು ಗೊತ್ತಾಯಿತು ಎಂದು ಅವ್ವನ ಕಡೆ ಓರೆಗಣ್ಣು ಬಿಟ್ಟಳು.

ಮರುದಿನ ಭಾನುವಾರ. ಹಾನಗಲ್ಲಿನ ಅವರ ಚರ್ಚಿನ ಸಭೆ ಹದಿನೆಂಟು ಮನೆಗಳದು. ಆರಾಧನೆಯ ನಡುವೆ, ದೇವರು ಮಾಡಿದ್ದರ ಬಗ್ಗೆ ಯಾರಾದರೂ ಸಾಕ್ಷಿ ಹೇಳುವುದಿದೆಯೇ ಎಂದು ಹಿರೇಕೆರೂರಿನಿಂದ ಬರುವ ಸಭಾಪಾಲಕರು ಕೇಳಿದರು. ಎಂದೂ ಬಾಯಿ ಬಿಡದ ಸಲೋಮಿ ಎದ್ದು ನಿಂತಳು.

“ನಿನ್ನೆ ನನ್ನ ಮಗಳು ನನಗ ಫೋನ್ ಮಾಡೂದು ಮರತ್ಲು,” ಎಂದಳು. “ಅದಕ್ಕ ದೇವರಿಗೆ ಸ್ತೋತ್ರ.”

ಜನ ಮುಖ ಮುಖ ನೋಡಿಕೊಂಡರು. ಅನು ನಾಚಿ ಅಪ್ಪನ ತೋಳಿನ ಹಿಂದೆ ಸೇರಿದಳು. ಸಲೋಮಿ ಉಳಿದದ್ದನ್ನು ತಡವರಿಸುತ್ತ ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು.

ಎರಡು ವರ್ಷ ಬೇರೂರಿದ್ದ ಹೆದರಿಕೆ ಒಂದೇ ಶನಿವಾರಕ್ಕೆ ಕಿತ್ತುಹೋಗಲಿಲ್ಲ. ಆ ತಿಂಗಳು ಇನ್ನೂ ಮೂರು ಸಲ ಶಾಲೆಯ ಗೇಟಿನ ತನಕ ಹೋಗಿಬಂದಳು. ಒಮ್ಮೆಯಂತೂ ಕೊತ್ತಂಬರಿ ತರುವ ನೆಪದಲ್ಲಿ. ಮೂರು ಸಲವೂ ಅನು ವರಾಂಡದಲ್ಲಿ ತಾನೇ ಬೆರಳು ಚುಚ್ಚಿಕೊಂಡು, ತಾನೇ ಸೂಜಿ ತೆಗೆದುಕೊಂಡು, ಮದಿಹಾಳ ಡಬ್ಬಿಗೆ ಕೈ ಹಾಕುತ್ತ ಉಣ್ಣುತ್ತಿದ್ದಳು. ಸಲೋಮಿ ಒಳಗೆ ಹೋಗದೆ ಹಿಂತಿರುಗಿದಳು.

ಆಮೇಲೆ ಅದೂ ನಿಂತಿತು. ಈಗ ದೇವಪುತ್ರನ ಕೆಲಸ ಊರೊಳಗಿದ್ದ ದಿನ ಮಧ್ಯಾಹ್ನ ಗಂಡ ಹೆಂಡತಿ ಕೂಡಿಯೇ ಬಿಸಿಬಿಸಿ ಉಣ್ಣುತ್ತಾರೆ. ಅವನು ಹೆಸರುಕಾಳಿನ ಪಲ್ಲೆ ಇನ್ನಷ್ಟು ಹಾಕು ಎನ್ನುತ್ತಾನೆ, ಅವಳು ಹಾಕುತ್ತಾಳೆ.