ಉಪ್ಪಿನ ಬಾಗಲಾ

ವಿಜಯಪುರದ ದವಾಖಾನೆಯಿಂದ ಬಂದ ಮರುದಿನವೇ ಮುದುಕವ್ವ ಮೊಮ್ಮಗಳ ಗಂಜಿಗೆ ಉಪ್ಪು ಹಾಕುವುದನ್ನು ಬಿಟ್ಟಳು. ತಪ್ಪು ಸೊಸೆ ನೇತ್ರಾಳದ್ದೇ. ಡಾಕ್ಟರು ಹೇಳಿದ್ದು, ಎರಡು ವರ್ಷದ ಶೈಲಾಳ ಮೆದುಳಿನ ನರಗಳಿಗೆ ಸೋಡಿಯಂ ಒಳಗೆ ಬಿಡುವ ಸಣ್ಣ ಬಾಗಿಲುಗಳಿವೆ, ಹುಟ್ಟಿನಿಂದಲೇ ಅವುಗಳ ಆಕಾರ ಕೆಟ್ಟು ಸರಿಯಾಗಿ ತೆರೆಯುವುದಿಲ್ಲ, ಅದಕ್ಕೇ ಫಿಟ್ಸ್, ಅಂತ. ನೇತ್ರಾ ಅದನ್ನು ತಮ್ಮೂರು ಘೋಣಸಗಿಗೆ ತಂದು 'ಉಪ್ಪಿನ ಬಾಗಲಾ' ಮಾಡಿದಳು.

"ಬಾಗಲಾ ಕೆಟ್ಟ ಮ್ಯಾಲ ಉಪ್ಪ ಎಲ್ಲಿ ಹೋಗಬೇಕ ಬೇ? ತಲ್ಯಾಗ ಹರಳಗಟ್ಟಿ ಕುಂದರತೈತಿ," ಎಂದಳು ಮುದುಕವ್ವ.

ನಾಲ್ಕನೇ ದಿನ ಶೈಲಾಳ ಮೈ ಕಾದಿತು. ಜ್ವರದ ಬೆನ್ನಿಗೇ ಫಿಟ್ಸ್ ಬರುವುದು ವಾಡಿಕೆ. ಪಕ್ಕದ ಮನೆಯ ಗುರಣ್ಣ ತಾನು ನುಂಗುವ ಫಿಟ್ಸ್ ಗುಳಿಗೆ ತಂದ. ಶೈಲಾಳಿಗೂ ಮೊದಲು ಅದನ್ನೇ ಕೊಡುತ್ತಿದ್ದರು. ಡಾಕ್ಟರು ಬಂದ್ ಮಾಡಿಸಿದ್ದರು.

"ಹತ್ತ ವರ್ಸ ಆತು ನುಂಗಾಕತ್ತು. ಒಮ್ಮೆರೆ ಬಿದ್ದೇನೇನು? ಅರ್ಧಾ ಹಾಕ್ ತಂಗಿ."

"ಅದು ಬಾಗಲಾ ಮುಚ್ಚೋ ಗುಳಿಗಿ ಅಂತರಿ, ಅಣ್ಣಾರ."

"ಬಾಗಲಾ ತೆರದ್ರ ಏನಾಕ್ಕೈತಿ?"

"ನರಕ್ಕ ಕಿಡಿ ಹತ್ತತೈತಿ ಅಂದ್ರು."

"ಮುಚ್ಚಿದ್ರ?"

"ಸುಮ್ಮ ಇರತೈತಿ."

"ಮತ್ತ ಮುಚ್ಚಲಿ ಬಿಡು!" ಗುರಣ್ಣ ನಕ್ಕ. "ಫಿಟ್ಸ್ ಅಂದ್ರ ಕಿಡೀನ ಅಲ್ಲೇನು?"

ನೇತ್ರಾ ಗೊಂದಲಕ್ಕೆ ಬಿದ್ದಳು. ಬಾಗಿಲೇ ತೆರೆಯದ ನರ ಸುಮ್ಮನಿರಬೇಕಲ್ಲ, ಕೂಸು ಯಾಕೆ ನಡುಗುತ್ತದೆ? ಡಾಕ್ಟರು "ತಿಳೀತಾ?" ಎಂದಾಗ ನಾಚಿ ತಲೆಯಾಡಿಸಿದ್ದಳು. ಆರನೇ ಇಯತ್ತೆಗೇ ಸಾಲಿ ಬಿಟ್ಟವಳು ಏನಂತ ಕೇಳಬೇಕು?

ಮುದುಕವ್ವ ಗುಳಿಗೆ ಮುರಿದು ಚಮಚದಲ್ಲಿ ಕದಡಿದಳು.

"ತಡೀರಿ, ಅತ್ತಿ." ನೇತ್ರಾ ದವಾಖಾನೆಯ ನಂಬರು ಒತ್ತಿ ಸ್ಪೀಕರ್ ಹಾಕಿದಳು. "ಸರ್ರ, ಶೈಲಾನ ಅವ್ವರಿ. ನಂಗ ಅವತ್ತ ತಿಳದಿದ್ದಿಲ್ರಿ."

ಜ್ವರ, ಗುಳಿಗೆ, ಉಪ್ಪು ಎಲ್ಲ ಹೇಳಿದಳು. ಡಾಕ್ಟರು ಸಿಡುಕಲಿಲ್ಲ. "ಕೆಲವು ನರ ಕಿಡಿ ಹಚ್ಚತಾವ, ಕೆಲವು ಅವನ್ನ ಸುಮ್ಮನಿರಸ್ತಾವ. ನಿಮ್ಮ ಕೂಸಿಗಿ ಸುಮ್ಮನಿರಸೋ ನರದ ಬಾಗಲಾನ ಕೆಟ್ಟಾವು. ಆ ಗುಳಿಗಿ ಅವನ್ನ ಇನ್ನಷ್ಟು ಮುಚ್ಚತೈತಿ, ಕೊಡಬ್ಯಾಡ್ರಿ. ಉಪ್ಪ ಬಿಡಸೂದೂ ಬ್ಯಾಡ. ಜ್ವರದ ಔಷಧಾ ಹಾಕ್ರಿ. ಫಿಟ್ಸ್ ಬಂದ್ರ ತಡಾ ಮಾಡದ ಕರಕೊಂಡ ಬರ್ರಿ."

ನೇತ್ರಾ ಚಮಚ ಚೆಲ್ಲಿದಳು.

"ಹಂಗಾರ ನಾ ನುಂಗೂದು?" ಗುರಣ್ಣ ಗಾಬರಿಯಾದ.

"ನಿಮಗ ಬೇಕ್ರಿ, ಬಿಡಬ್ಯಾಡ್ರಿ. ಇಕಿಗಿ ಬ್ಯಾಡ," ಎಂದಳು ನೇತ್ರಾ.

"ಒಂದ ಗುಳಿಗಿ, ಎರಡ ನಮೂನಿ?"

ನೇತ್ರಾ ಶೈಲಾಳಿಗೆ ಜ್ವರದ ಔಷಧ ಕುಡಿಸಿದಳು. ಒದ್ದೆ ಬಟ್ಟೆ ಹಿಂಡಿ ಮಗಳ ಮೈ ಒರೆಸುತ್ತ ಕೂತಳು. ಗುರಣ್ಣ ತಲೆ ಕೆರೆಯುತ್ತ ಹೊರಗೆ ಹೋದ. ತನ್ನ ಗಾಡಿಯನ್ನು ವಿಜಯಪುರಕ್ಕೆ ಹೋಗುವ ಟಿಕೋಟಾ ದಾರಿಗೆ ಮುಖಮಾಡಿ ನಿಲ್ಲಿಸಿ, ಕಟ್ಟೆಯ ಮೇಲೆ ಕಾಯುತ್ತ ಕೂತ.