ಹುಟ್ಟಿದ ಸ್ಥಳ

"ಡೊಮಿಸೈಲ್ ಕುಠೆ ಆಹೆ?"

ಕಂಪ್ಯೂಟರಿನ ಹಿಂದೆ ಕೂತಿದ್ದ ಗುಮಾಸ್ತ ಸುಲೋಚನಾಳ ಫೈಲನ್ನು ಎರಡನೇ ಸಲ ಹಿಂದುಮುಂದಾಗಿ ತಿರುವಿದ. ಈ ರಾಜ್ಯದ ನಿವಾಸಿ ಎಂಬ ಸರ್ಟಿಫಿಕೇಟು ಅದರಲ್ಲಿರಲಿಲ್ಲ. ಸುಲೋಚನಾ ಗಾಬರಿಯಾಗಲಿಲ್ಲ, ತಿರುಗಿ ಪಕ್ಕದಲ್ಲಿದ್ದ ರಮಿತಾಳ ಮುಖ ನೋಡಿದಳು. ಇಂಥ ಪ್ರಶ್ನೆಗಳಿಗೆ ಉತ್ತರ ಕೊಡಲೆಂದೇ ರಮಿತಾ ಅಂದಿನ ಪ್ರಾಕ್ಟಿಕಲ್ ತಪ್ಪಿಸಿಕೊಂಡು, ಡೊಂಬಿವಲಿಯಿಂದ ಕಲ್ಯಾಣದ ಈ ಕಾಲೇಜಿಗೆ, ಅರ್ಜಿಗಳ ತಪಾಸಣೆ ನಡೆಯುವ ಕೇಂದ್ರಕ್ಕೆ ಬಂದಿದ್ದಳು. ಸುಲೋಚನಾ ಕರೆದಿದ್ದಳು, ನಿಜ. ಆದರೆ ರಮಿತಾ ಕರೆಸಿಕೊಂಡಿದ್ದಳು ಎಂದರೂ ತಪ್ಪಾಗದು.

"ಅದು ಬೇಕಾಗೋದಿಲ್ಲ ಸರ್," ಎಂದಳು ರಮಿತಾ ಮರಾಠಿಯಲ್ಲಿ. "ಎಲ್‌ಸಿ ಉಂಟಲ್ಲ, ಶಾಲೆ ಬಿಟ್ಟ ಸರ್ಟಿಫಿಕೇಟು. ಹುಟ್ಟಿದ ಸ್ಥಳ ಅದರಲ್ಲೇ ಇರ್ತದೆ. ನಂದು ಹಾಗೇ ಪಾಸಾಗಿದೆ."

ಗುಮಾಸ್ತ ಎಲ್‌ಸಿಯನ್ನು ಅವಳ ಕಡೆಗೆ ತಿರುಗಿಸಿ ಪೆನ್ನಿನ ತುದಿಯನ್ನು ಒಂದು ಸಾಲಿನ ಕೆಳಗಿಟ್ಟ. ಹುಟ್ಟಿದ ಸ್ಥಳ: ಇಂಡಿ, ಜಿಲ್ಲಾ ವಿಜಾಪುರ, ಕರ್ನಾಟಕ.

"ನೀನು ಎಲ್ಲಿ ಹುಟ್ಟಿದ್ದು?" ಎಂದು ಕೇಳಿದ.

"ಡೊಂಬಿವಲಿ."

"ಮಗ್ ತುಝಂ ಬರೋಬರ್ ಆಹೆ," ಎಂದ ಅವನು. "ಹಿಚಂ ನಾಹಿ."

ನಿನ್ನದು ಸರಿ, ಇವಳದು ಸರಿಯಿಲ್ಲ. ಅಷ್ಟೇ ಮಾತು. ಅವನು ಒರಟನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಬೆಳಗಿನಿಂದ ಕೂತು ಬೆನ್ನು ನೋಯುತ್ತಿದ್ದರೂ ಆತ ಸಮಾಧಾನವಾಗಿ ವಿವರಿಸಿದ. ಈ ರಾಜ್ಯದಲ್ಲಿ ಹುಟ್ಟಿರಬೇಕು, ಇಲ್ಲವೇ ಡೊಮಿಸೈಲ್ ಇರಬೇಕು. ಎರಡೂ ಇಲ್ಲದಿದ್ದರೆ ಹುಡುಗಿಯ ಹೆಸರು ಹೊರರಾಜ್ಯದವರ ಪಟ್ಟಿಗೆ ಹೋಗುತ್ತದೆ. ಆಗ ಸರ್ಕಾರಿ ಫಾರ್ಮಸಿ ಕಾಲೇಜಿನ ಸೀಟಿನ ಆಸೆ ಬಿಟ್ಟುಬಿಡಬೇಕು, ಖಾಸಗಿ ಕಾಲೇಜು ನೋಡಿಕೊಳ್ಳಬೇಕು. ತಪಾಸಣೆಗೆ ನಾಳೆ ಸಂಜೆಯೇ ಕೊನೆ. ಅರ್ಜಿ ಹಾಕಿದ ರಸೀದಿ ತಂದರೆ ನಡೆಯುತ್ತದೆಯೇ ಎಂದು ರಮಿತಾ ಕೇಳಿದಳು. ನಡೆಯುವುದಿಲ್ಲ ಎಂದ. ತನ್ನ ಕೈಯಲ್ಲಿ ಏನೂ ಇಲ್ಲ ಎಂದೂ ಹೇಳಿ, ಫೈಲನ್ನು ಅಚ್ಚುಕಟ್ಟಾಗಿ ಜೋಡಿಸಿ ವಾಪಸು ಕೊಟ್ಟ.

ರಮಿತಾಳಿಗೆ ಸಲಹೆ ಬರೆಯುವ ಚಟ ಹತ್ತಿದ್ದು ಹೋದ ವರ್ಷ, ಅವಳು ಫಾರ್ಮಸಿ ಸೇರಿದ ಹೊಸತರಲ್ಲಿ. ಹತ್ತನೆಯವರೆಗೆ ಇಲ್ಲಿಯದೇ ಕನ್ನಡ ಶಾಲೆಯಲ್ಲಿ ಓದಿದ್ದ ಅವಳಿಗೆ ಕಾಲೇಜಿನಲ್ಲಿ ಬಾಯಿ ತೆರೆಯುವ ಧೈರ್ಯ ಬರಲೇ ಇಲ್ಲ. ಮಧ್ಯಾಹ್ನ ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಕೆಳಗೆ ಒಬ್ಬಳೇ ಕೂತಿರುತ್ತಿದ್ದಳು. ಒಂದು ದಿನ ಹಾಗೆ ಕೂತಿದ್ದಾಗ ಸುಲೋಚನಾಳೂ ಇದ್ದ, ಶಾಲೆಯ ಹಳೆ ಮಕ್ಕಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹುಡುಗಿ, ಕಾಲೇಜಿನಲ್ಲಿ ಇಂಗ್ಲಿಷ್ ಬಾರದಿದ್ದರೆ ಏನು ಮಾಡುವುದು ಎಂದು ಕೇಳಿದಳು. ರಮಿತಾ ಉದ್ದುದ್ದ ಬರೆದಳು. ಮೊದಲ ತಿಂಗಳು ಏನೂ ತಿಳಿಯುವುದಿಲ್ಲ, ಹೆದರಬೇಡಿ. ಸರ್ ಹೇಳಿದ್ದನ್ನು ಕೇಳಿದ ಹಾಗೆಯೇ ಕನ್ನಡದಲ್ಲಿ ಬರೆದುಕೊಳ್ಳಿ, ಮನೆಗೆ ಹೋಗಿ ಬಿಡಿಸಿ. ಡಬ್ಬಿಯ ಮುಚ್ಚಳ ಅಡ್ಡ ಹಿಡಿದು ತಿನ್ನಬೇಡಿ, ಯಾರಾದರೂ ಒಬ್ಬರಿಗೆ ಒಂದು ತುತ್ತು ಕೊಡಿ, ಸ್ನೇಹವಾಗುತ್ತದೆ. ತಾನು ಯಾರಿಗೂ ತುತ್ತು ಕೊಟ್ಟಿರಲಿಲ್ಲ ಎನ್ನುವುದನ್ನು ಬರೆಯಲಿಲ್ಲ. ಗುಂಪಿನ ತುಂಬ ಕೈಮುಗಿದ ಚಿತ್ರಗಳು ಬಂದವು. ಕಾಲೇಜಿನಲ್ಲಿ ಹೆಸರೂ ಗೊತ್ತಿಲ್ಲದವಳು ಇಲ್ಲಿ ರಾತ್ರಿ ಬೆಳಗಾಗುವುದರೊಳಗೆ ರಮಿತಕ್ಕ ಆದಳು.

ಆಮೇಲೆ ಕೈ ನಿಲ್ಲಲಿಲ್ಲ. ಯಾವ ಕಾಲೇಜಿನ ವೆಬ್‌ಸೈಟ್ ಚಿತ್ರ ನಂಬಬಾರದು, ಅರ್ಜಿಯಲ್ಲಿ ಕಾಲೇಜುಗಳನ್ನು ಯಾವ ಕ್ರಮದಲ್ಲಿ ತುಂಬಬೇಕು, ಸೀನಿಯರುಗಳ ಹತ್ತಿರ ಪುಸ್ತಕ ಕೇಳುವುದು ಹೇಗೆ, ಎಲ್ಲ ಬರೆದಳು. ಈ ವರ್ಷ ಫೆಬ್ರವರಿಯಲ್ಲಿ ಬರೆದ ಒಂದು ಸಾಲಿನ ಬಗ್ಗೆಯಂತೂ ಅವಳಿಗೆ ಬಹಳ ಹೆಮ್ಮೆಯಿತ್ತು. 'ಡೊಮಿಸೈಲ್ ಮಾಡಿಸಿ ಕೊಡುತ್ತೇನೆಂದು ಏಜೆಂಟರು ಹೆದರಿಸುತ್ತಾರೆ, ದುಡ್ಡು ಸುರಿಯಬೇಡಿ. ಎಲ್‌ಸಿ ಸಾಕು. ನಾನೇ ಉದಾಹರಣೆ.' ಅದಕ್ಕೆ ಬಂದಷ್ಟು ಹೃದಯಗಳು ಬೇರೆ ಯಾವುದಕ್ಕೂ ಬಂದಿರಲಿಲ್ಲ.

ಹೊರಗೆ ವರಾಂಡದಲ್ಲಿ ಸುಲೋಚನಾಳ ತಾಯಿ ಸಾಬವ್ವ ಕಾಯುತ್ತಿದ್ದಳು. ಮಗಳ ಸಲುವಾಗಿ ಅವಳು ಅಂದು ಶಹಾಡ್‌ನಲ್ಲಿ ಕಟ್ಟಡದ ಕೆಲಸ ಬಿಟ್ಟು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಇಬ್ಬರ ಮುಖ ನೋಡಿ ಎದ್ದು ನಿಂತಳು.

"ಆತೇನಬೇ?"

"ಇಲ್ಲವ್ವಾ," ಎಂದಳು ಸುಲೋಚನಾ. "ಡೊಮಿಸೈಲ್ ಮಾಂಗ್ತಾರ. ನಾ ಇಂಡಿ ಊರಾಗ ಹುಟ್ಟೀನಲ್ಲ, ಅದಕ್ಕ."

ಸಾಬವ್ವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅವಳು ನಕ್ಕಳು. ಯಾರಿಗೋ ಏನೋ ತಪ್ಪು ತಿಳಿವಳಿಕೆಯಾಗಿದೆ, ಹೇಳಿದರೆ ಸರಿಹೋಗುತ್ತದೆ ಎಂಬಂಥ ನಗು.

"ಅಲ್ಲಿ ಬರೇ ಹಡದದ್ದು, ತಂಗಿ," ಎಂದು ರಮಿತಾಳಿಗೆ ವಿವರಿಸತೊಡಗಿದಳು. "ಚೊಚ್ಚಲ ಹೆರಿಗಿ ತವರಾಗ ಆಗಬೇಕಲ್ಲ. ನಮ್ಮವ್ವ ಕುಬಸ ಮಾಡಿ ಕರಕೊಂಡ ಹೋದ್ಲು. ಹಡದು, ಬಾಣಂತನ ಮುಗಿಸಿ, ಎಳೀ ಕೂಸಿನ ಕಟಗೊಂಡು ಇಲ್ಲಿಗೇ ಬಂದೆ. ಆಕಿ ಅಂಬೆಗಾಲು ಹಾಕಿದ್ದು ಇಲ್ಲಿ, ಹಲ್ಲು ಬಂದಿದ್ದು ಇಲ್ಲಿ, ಸಾಲಿ ಕಲ್ತದ್ದು ಇಲ್ಲಿ. ಇಂಡಿಯಾಗ ಆಕಿಗಿ ಒಂದ ಓಣಿ ಸುದ್ದಾ ಗುರುತಿಲ್ಲ. ಇದನ್ನ ಆ ಸಾಹೇಬರಿಗಿ ಹೇಳಿದಿಯಿಲ್ಲೋ?"

"ಹೇಳಿದ್ರೆ ಆಗೋದಿಲ್ಲ ಆಂಟಿ. ಕಾಗದ ಬೇಕು."

"ಕಾಗದ ಮಾಡಸ್ತೀನಂತ ಆಕಿ ಅಪ್ಪ ಶಿವರಾತ್ರಿ ಮುಂದನ ಏಜೆಂಟಗ ಮಾತಾಡಿ ಬಂದಿದ್ದ. ಈಕೀನ ಬ್ಯಾಡ ಅಂದ್ಲು. ರಮಿತಕ್ಕ ಬರದಾರ, ಎಲ್‌ಸಿ ಸಾಕಂತ, ರೊಕ್ಕ ಹಾಳ ಮಾಡಬ್ಯಾಡ ಅಂತ ಜಗಳಾ ತಗದ್ಲು. ಅವನೂ ಹೌದಂದ. ಓದಿದವರು ಬರದಾರಂದ್ರ ಖರೇನ ಇರ್ತದ ಅಂದ."

ಅವಳು ಇದನ್ನು ದೂರಿನಂತೆ ಹೇಳಲಿಲ್ಲ. ರಮಿತಾಳ ಮೇಲೆ ತಮಗಿದ್ದ ನಂಬಿಕೆ ಎಷ್ಟೆಂದು ತಿಳಿಸಲು ಹೇಳಿದಳು. ಸುಲೋಚನಾ ತಾಯಿಯ ತೋಳು ಹಿಡಿದು ಅದುಮಿದಳು, ಸಾಕು ಎನ್ನುವಂತೆ. ರಮಿತಾ ದೂರ ಹೋಗಿ ಅಣ್ಣನಿಗೆ ಫೋನ್ ಮಾಡಿದಳು.

ಅಣ್ಣ ಲತೇಶ್ ಮಹಾಪೆಯ ಕಂಪನಿಯಲ್ಲಿ ಊಟಕ್ಕೆ ಕೂತಿದ್ದ. ಮನೆಮಾತು ತುಳುವಿನಲ್ಲಿ ಅವಳು ನೇರವಾಗಿ ಕೇಳಿದಳು, ಕಾಲೇಜಿಗೆ ಸೇರುವಾಗ ನಿನ್ನ ಹತ್ತಿರ ಡೊಮಿಸೈಲ್ ಕೇಳಿದ್ದರಾ ಎಂದು.

"ಕೇಳದೆ ಬಿಡ್ತಾರಾ?" ಎಂದ ಲತೇಶ್. "ನಾನು ಅಜ್ಜಿ ಮನೆಯಲ್ಲಿ ಹುಟ್ಟಿದ್ದಲ್ಲವಾ. ಅಪ್ಪ ಹೋಟೆಲಿಗೆ ರಜೆ ಹಾಕಿ ಹಾಕಿ ಎಷ್ಟು ಸಲ ಕಚೇರಿಗೆ ಅಲೆದಿದ್ದಾರೆ. ಹಳೇ ಮನೆಯ ಸೇಟು ಬಾಡಿಗೆ ಚೀಟಿ ಕೊಟ್ಟ, ಅದರಿಂದ ಆಯಿತು. ನೀನು ಆಗ ಸಣ್ಣವಳು. ನಿನಗೆ ಬೇಕಾಗಲಿಲ್ಲ ಮಾರಾಯ್ತಿ, ಎರಡನೆಯದಲ್ಲವಾ, ಅಮ್ಮ ಊರಿಗೆ ಹೋಗಲೇ ಇಲ್ಲ. ಯಾಕೆ ಈಗ?"

"ಸುಮ್ಮನೆ," ಎಂದು ಅವಳು ಫೋನಿಟ್ಟಳು. ಒಂದೇ ಮನೆಯಲ್ಲಿ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣನಿಗೆ ಆದದ್ದು ಅವಳಿಗೆ ತಿಳಿದಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ಮೊದಲು ಅವನನ್ನು ಒಂದು ಮಾತು ಕೇಳಬಹುದಿತ್ತು. ಕೇಳಬೇಕೆಂದು ಹೊಳೆದೇ ಇರಲಿಲ್ಲ.

ಆದರೂ ಮೂವರೂ ರಿಕ್ಷಾ ಮಾಡಿಕೊಂಡು ತಹಸೀಲ್ದಾರ್ ಕಚೇರಿಗೆ ಹೋದರು. ಸುಮ್ಮನೆ ಕೂರುವುದು ರಮಿತಾಳಿಂದ ಆಗುತ್ತಿರಲಿಲ್ಲ. ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹೆಂಗಸು ಎಷ್ಟು ವರ್ಷದಿಂದ ಇಲ್ಲಿದ್ದೀರಿ, ಅದಕ್ಕೆ ದಾಖಲೆ ಏನಿದೆ ಎಂದು ಕೇಳಿದಳು. ಸಾಬವ್ವ ಹೇಳುತ್ತ ಹೋದಳು, ರಮಿತಾ ಮರಾಠಿಗೆ ತಿರುಗಿಸುತ್ತ ಹೋದಳು. ಖೋಲಿ ಬಾಡಿಗೆಯದು, ಅಗ್ರಿಮೆಂಟ್ ಇಲ್ಲ. ಲೈಟ್ ಬಿಲ್ ಮಾಲೀಕನ ಹೆಸರಲ್ಲಿ. ರೇಷನ್ ಕಾರ್ಡು ಊರಿನದು. ಶಾಲೆಯ ದಾಖಲೆ ಒಂದನೇ ಇಯತ್ತೆಯಿಂದ ಇದೆ, ಅದರ ಹಿಂದಿನ ವರ್ಷಗಳದ್ದಿಲ್ಲ. ಲಸಿಕೆ ಹಾಕಿಸಿದ ಕಾರ್ಡು ಇತ್ತು, ಒಂದು ಮಳೆಗಾಲ ಅವರಿದ್ದ ಚಾಳಿನೊಳಗೆ ನೀರು ನುಗ್ಗಿದಾಗ ಹೋಯಿತು.

"ಎಲ್ಲ ಇದ್ದರೂ ನಾಳೆಯೊಳಗೆ ಆಗುವುದಿಲ್ಲ, ಪೋರಿ," ಎಂದಳು ಕಿಟಕಿಯ ಹೆಂಗಸು. ಅವಳೂ ಒರಟಾಗಿರಲಿಲ್ಲ. ಆ ದಿನ ಅವರಿಗೆ ಸಿಕ್ಕವರೆಲ್ಲ ಒಳ್ಳೆಯವರೇ.

ಕಚೇರಿಯ ಕಾಂಪೌಂಡಿನಲ್ಲಿ ಒಂದು ಸಿಮೆಂಟು ಬೆಂಚಿತ್ತು. ಮೂವರೂ ಅದರ ಮೇಲೆ ಕೂತರು. ಸಾಬವ್ವ "ಹಂಗಾರ ನಮ್ಮ ಕಡೀನ ಸೀಟ್ ಕೇಳಿದ್ರ ಹ್ಯಾಂಗ?" ಎಂದಳು. "ಕರ್ನಾಟಕದವರು ಅಂತ ಇವರ ಅಂತಾರಲ್ಲ. ಅಲ್ಲೇರ ಕೊಡಬೇಕಲ್ಲ."

ರಮಿತಾ ರಿಕ್ಷಾದಲ್ಲೇ ಅದನ್ನು ಫೋನಿನಲ್ಲಿ ನೋಡಿ ಮುಗಿಸಿದ್ದಳು. ಅಲ್ಲಿ ಸರ್ಕಾರಿ ಸೀಟು ಬೇಕೆಂದರೆ ಅಲ್ಲೇ ಕೆಲವು ವರ್ಷ ಓದಿರಬೇಕು.

"ಅಲ್ಲಿ ಓದಿರಬೇಕಂತೆ ಆಂಟಿ."

"ಅಲ್ಲಿ ಓದಿಲ್ಲ, ಇಲ್ಲಿ ಹುಟ್ಟಿಲ್ಲ," ಎಂದಳು ಸಾಬವ್ವ. ಆಮೇಲೆ ಯಾರನ್ನೂ ನೋಡದೆ ಹೇಳಿದಳು. "ಈಕಿ ಅಪ್ಪ ಅಂದಿದ್ದ, ಇಲ್ಲೇ ದವಾಖಾನಿಯಾಗ ಹಡಿ, ಮುನಸಿಪಾಲ್ಟಿದು ಪುಕಟ ಅದ ಅಂತ. ನಾನ ಅತಗೋತ ಕುಂತೆ. ಅವ್ವನ ಮಾರಿ ನೋಡಬೇಕಿತ್ತು ನನಗ."

ಸುಲೋಚನಾ ತಾಯಿಯ ಸೆರಗಿನ ಅಂಚನ್ನು ಸರಿಮಾಡಿದಳು. ಅವಳ ಅಂಕಗಳು ಹೋದ ವರ್ಷದ ಕಟಾಫಿಗಿಂತ ಮೇಲಿದ್ದವು. ಸೀಟು ಸಿಕ್ಕೇ ಸಿಗುತ್ತದೆ ಎಂದು ಶಾಲೆಯ ಟೀಚರುಗಳೂ ಹೇಳಿದ್ದರು, ರಮಿತಾ ಕೂಡ ಗುಂಪಿನಲ್ಲಿ ಮುಂಚಿತವಾಗಿಯೇ ಅಭಿನಂದನೆ ಬರೆದುಬಿಟ್ಟಿದ್ದಳು.

"ಸಾರಿ ಸುಲೋಚನಾ," ಎಂದಳು ರಮಿತಾ. ಅದು ಎಷ್ಟು ಸಣ್ಣ ಮಾತೆಂದು ಅವಳಿಗೇ ಕೇಳಿಸಿತು. "ನನಗೆ ಗೊತ್ತಿರ್ಲಿಲ್ಲ ಮಾರಾಯ್ತಿ. ಗೊತ್ತಿಲ್ದೆ ಬರೆದೆ."

"ಇರಲಿ ಅಕ್ಕಾ. ನೀವೇನು ಮುದ್ದಾಮ್ ಬರದೀರೇನು," ಎಂದಳು ಸುಲೋಚನಾ. ಆಮೇಲೆ, ಬಹಳ ಸಹಜವಾಗಿ ಕೇಳಿದಳು. "ಮೊದಲನೇ ತಿಂಗಳು ಕ್ಲಾಸಿನಾಗ ಏನೂ ತಿಳಿಯಂಗಿಲ್ಲಂತ ಬರದಿದ್ರಲ್ಲ. ಬಿ.ಎ. ಸೇರಿದ್ರೂ ಹಂಗೇ ಇರ್ತದೇನು? ಕಾಮರ್ಸ್ ಆದ್ರೂ ನಡೀತದ. ಹತ್ತರದ ಕಾಲೇಜಿನಾಗ ಫೀ ಕಮ್ಮಿ ಅದ ಅಂತಾರ."

ಬೈದಿದ್ದರೆ ಚೆನ್ನಾಗಿತ್ತು. ಈ ಹುಡುಗಿ ಈಗಲೂ ತನ್ನನ್ನೇ ಸಲಹೆ ಕೇಳುತ್ತಿದ್ದಾಳೆ. ಬಿ.ಎ. ತರಗತಿ ಹೇಗಿರುತ್ತದೆ ಎಂದು ರಮಿತಾಳಿಗೆ ಗೊತ್ತಿರಲಿಲ್ಲ. ಮೊದಲ ಬಾರಿಗೆ ಅವಳು, "ನಂಗೆ ಗೊತ್ತಿಲ್ಲ," ಎಂದಳು.

ಸಾಬವ್ವ ಚೀಲದಿಂದ ರೊಟ್ಟಿ ಬಿಚ್ಚಿದಳು. ರಮಿತಾಳ ಕೈಗೂ ಒಂದು ಬಂತು. ಬೇಡವೆನ್ನುವ ಧೈರ್ಯವಾಗದೆ ಅದನ್ನು ತೊಡೆಯ ಮೇಲಿಟ್ಟುಕೊಂಡಳು. ಆಗ ಅವಳಿಗೆ ಗುಂಪಿನ ಉಳಿದವರ ನೆನಪಾಯಿತು. ಆ ಸಾಲನ್ನು ಓದಿದ್ದು ಸುಲೋಚನಾ ಒಬ್ಬಳೇ ಅಲ್ಲ. ಅಳಿಸಲು ಹೋದರೆ ತೀರಾ ಹಳೆಯದು, ಎಲ್ಲರ ಫೋನಿನಿಂದ ಅಳಿಸುವ ಅವಧಿ ಎಂದೋ ದಾಟಿತ್ತು. ತಿದ್ದುಪಡಿ ಬರೆಯಲು ಕೂತರೆ ಶಬ್ದ ಹೊಂದಲಿಲ್ಲ. ಬರೆದು, ಅಳಿಸಿ, ಕೊನೆಗೆ ಒಂದೇ ಪ್ರಶ್ನೆ ಕಳಿಸಿದಳು. 'ನಿಮ್ಮಲ್ಲಿ ಯಾರೆಲ್ಲ ಊರಲ್ಲಿ, ಅಜ್ಜಿ ಮನೆಯಲ್ಲಿ ಹುಟ್ಟಿದ್ದು? ಬೇಗ ಹೇಳಿ.'

ಕ್ಷಣದಲ್ಲಿ ಫೋನು ಗುಂಯ್ಗುಡತೊಡಗಿತು.

'ಮೈಂ! ಕಾಪು, ಬೀಚ್ ಕೆ ಪಾಸ್,' ಎಂದು ಯತಿನ್ ಹಿಂದಿಯಲ್ಲಿ ಬರೆದ. 'ನಾನು ಕಾರ್ಕಳ ಅಕ್ಕ,' ಎಂದು ವಿಶ್ರುತ. ಅಂಬರೀಶ ಅಫಜಲಪುರದ ಹತ್ತಿರದ ತನ್ನ ಅಜ್ಜಿಯ ಮನೆಯ ಚಿತ್ರವನ್ನೇ ಹಾಕಿದ, ಅಂಗಳದಲ್ಲಿ ಎಮ್ಮೆ ನಿಂತಿತ್ತು. 'ಮೀ ಪಣ್, ಸಿಂದಗಿ,' ತಾನೂ ಹಾಗೇ ಎಂದು ಇನ್ನೊಬ್ಬಳು. ಪ್ರೇಕ್ಷಾ ತಾನು ಹುಟ್ಟಿದಾಗ ಊರಲ್ಲಿ ಮೂರು ದಿನ ಕರೆಂಟ್ ಇರಲಿಲ್ಲವಂತೆ ಎಂದು ಬರೆದು ನಗುವ ಮುಖಗಳನ್ನು ಸಾಲಾಗಿ ಇಟ್ಟಳು. ಏನೋ ಆಟ ಶುರುವಾಗಿದೆ ಎಂದುಕೊಂಡಿದ್ದರು ಎಲ್ಲರೂ. ಮನೆಮನೆಯ ಚೊಚ್ಚಲ ಮಕ್ಕಳು, ಒಬ್ಬರ ಹಿಂದೆ ಒಬ್ಬರು, ತಾವು ಹುಟ್ಟಿದ ಊರಿನ ಹೆಸರನ್ನು ಖುಷಿಯಿಂದ ಬರೆಯುತ್ತಿದ್ದರು. ಇವರಲ್ಲಿ ಕೆಲವರಿಗೆ ಇವತ್ತು, ನಾಳೆಯೇ ತಪಾಸಣೆ.

ಕೊನೆಗೆ ಯಾರೋ ಕೇಳಿದರು. 'ಅಕ್ಕಾ, ಯಾಕೆ ಕೇಳ್ತಿದ್ದೀರಿ?'

ರಮಿತಾಳ ಬೆರಳು ಪರದೆಯ ಮೇಲೆಯೇ ನಿಂತಿತು. ಬೆಂಚಿನ ಆ ತುದಿಯಲ್ಲಿ ಸುಲೋಚನಾ ರೊಟ್ಟಿಯನ್ನು ತಾಯಿಯ ಕೈಗೆ ಕೊಟ್ಟು, ಕೈ ಒರೆಸಿಕೊಂಡು, ತನ್ನ ಫೋನನ್ನು ತೆಗೆದಳು. ರಮಿತಾ ತಲೆ ಎತ್ತಲಿಲ್ಲ. ಪರದೆಯ ಮೇಲ್ತುದಿಯಲ್ಲಿ 'ಸುಲೋಚನಾ ಟೈಪಿಂಗ್' ಎಂದು ಕಾಣಿಸಿಕೊಂಡಿತು, ಮಾಯವಾಯಿತು, ಮತ್ತೆ ಕಾಣಿಸಿಕೊಂಡಿತು.